ಇಂಗ್ಲೆಂಡಿನ ಹೊಲಗಳಲ್ಲಿ ಮನೆ ಕಟ್ಟುವ ಜಗಳ: 1946ರಿಂದ ಇಲ್ಲಿಯವರೆಗೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ದೊಡ್ಡ ವಸತಿ ಯೋಜನೆ ಅಂದರೆ ಸಾಕು, ಊರಿಗೆ ಊರೇ ಎದ್ದು ನಿಲ್ಲುತ್ತದೆ. ಬಾಡಿಗೆ ಕಟ್ಟಿ ಸೋತವರಿಗೆ ಮನೆ ಬೇಕು. ಹೊಲದ ಪಕ್ಕ ಬದುಕಿದವರಿಗೆ ಹೊಲ ಬೇಕು. ಇಬ್ಬರ ಮಾತೂ ನ್ಯಾಯವೇ, ಅಲ್ವಾ?

1930ರ ದಶಕದಲ್ಲಿ ರಸ್ತೆಯುದ್ದಕ್ಕೂ ಮನೆಗಳ ಸಾಲು ಬೆಳೆಯಿತು. 1947ರ ಕಾನೂನು ಸ್ವಂತ ಜಮೀನಿನಲ್ಲೂ ಅನುಮತಿ ಇಲ್ಲದೆ ಕಟ್ಟುವಂತಿಲ್ಲ ಅಂದಿತು. 1955ರ ನಂತರ ದೊಡ್ಡ ನಗರಗಳ ಸುತ್ತ ಕಟ್ಟಡಕ್ಕೆ ತಡೆಯಿರುವ 'ಗ್ರೀನ್ ಬೆಲ್ಟ್' ಹಬ್ಬಿತು.

ಆದರೆ ಜಗಳದ ಬೇರು ನೋಡಬೇಕಿದ್ದರೆ ಸ್ಟೀವನೇಜ್‌ಗೆ ಹೋಗಬೇಕು. ಲಂಡನ್ನಿನ ಉತ್ತರಕ್ಕಿರುವ ಆ ಪುಟ್ಟ ಊರಲ್ಲಿ 1946ರಲ್ಲಿ ಇದ್ದದ್ದು ಸುಮಾರು 6,000 ಜನ. ಎರಡನೇ ಮಹಾಯುದ್ಧದ ಬಾಂಬಿಗೆ ಲಂಡನ್ನಿನ ಎಷ್ಟೋ ಮನೆಗಳು ನೆಲ ಕಚ್ಚಿದ್ದವು. ಅಲ್ಲಿನವರಿಗಾಗಿ ಸ್ಟೀವನೇಜ್ ಅನ್ನು 60,000 ಜನರ ಹೊಸ ನಗರ ಮಾಡುವ ಯೋಜನೆ ಬಂತು. 1946ರ ಮೇ ತಿಂಗಳಲ್ಲಿ ಸಚಿವ ಲೂಯಿಸ್ ಸಿಲ್ಕಿನ್ ಊರವರ ಜೊತೆ ಮಾತಾಡಲು ಬಂದರು. ಸಭೆಯಲ್ಲಿ ಕೂಗಾಟ. 'ನೀವು ಕೂಗಿ ಪ್ರಯೋಜನವಿಲ್ಲ, ಇದು ಆಗಿಯೇ ಆಗುತ್ತದೆ' ಅಂದುಬಿಟ್ಟರು ಸಚಿವರು. ಹೊಸ ನಗರಗಳ ಕಾನೂನು ಇನ್ನೂ ಪಾಸಾಗಿರಲಿಲ್ಲ! ಊರವರು ಸಚಿವರ ಕಾರಿನ ಟೈರಿನ ಗಾಳಿ ಬಿಟ್ಟರು. ರೈಲು ನಿಲ್ದಾಣದ ಬೋರ್ಡಿನಲ್ಲಿ ಊರಿನ ಹೆಸರು, ಸೋವಿಯತ್ ನಗರಗಳ ಹೆಸರಿನ ಧಾಟಿಯಲ್ಲಿ, 'ಸಿಲ್ಕಿನ್‌ಗ್ರಾಡ್' ಆಯಿತು.

ಆಗಸ್ಟ್‌ನಲ್ಲಿ ಕಾನೂನು, ನವೆಂಬರ್‌ನಲ್ಲಿ ಸ್ಟೀವನೇಜ್ ಹೊಸ ನಗರ ಅನ್ನುವ ಆದೇಶ. ಮೊದಲೇ ತೀರ್ಮಾನ ಮಾಡಿಕೊಂಡು ಆಮೇಲೆ ನಮ್ಮ ಅಹವಾಲು ಕೇಳಿದರು ಅಂತ ಊರವರು ಕೋರ್ಟಿಗೆ ಹೋದರು. ಹೈಕೋರ್ಟ್‌ನಲ್ಲಿ ಗೆದ್ದರು, ಮೇಲ್ಮನವಿಯಲ್ಲಿ ಸೋತರು. 1947ರ ಜುಲೈನಲ್ಲಿ ಆಗ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಸಚಿವರ ಪರವಾಗಿ ನಿಂತಿತು. ಅಲ್ಲಿ ನಗರ ಎದ್ದಿತು. ಸಾವಿರಾರು ಕುಟುಂಬಗಳಿಗೆ ಒಳ್ಳೆಯ ಮನೆ ಸಿಕ್ಕಿತು, ಅದೂ ನಿಜ.

1980ರ ದಶಕದಲ್ಲಿ ಕಟ್ಟುವವರು ಬದಲಾದರು. ಈಗ ಸರ್ಕಾರಕ್ಕಿಂತ ಖಾಸಗಿ ಕಂಪನಿಗಳೇ ಜಾಸ್ತಿ. ವಿರೋಧಿಸುವವರಿಗೆ 'ನಿಂಬಿ' ಅನ್ನುವ ಹಣೆಪಟ್ಟಿ ಬಂತು: ನನ್ನ ಹಿತ್ತಿಲಲ್ಲಿ ಮಾತ್ರ ಬೇಡ ಅನ್ನುವವರು ಅಂತ. ಈ ಹಣೆಪಟ್ಟಿಯಿಂದ ಮಾತುಕತೆಗೆ ಒಳ್ಳೆಯದಾಗಲಿಲ್ಲ.

ನಿಯಮವೂ ಜನರ ಮಾತನ್ನು ತಿರುಚುತ್ತದೆ. ಕಿಟಕಿಯಿಂದ ಕಾಣುವ ನೋಟ ಹೋಗುತ್ತದೆ ಅಂತ ಆಕ್ಷೇಪಣೆ ಬರೆದರೆ ಲೆಕ್ಕಕ್ಕಿಲ್ಲ. ಟ್ರಾಫಿಕ್, ಚರಂಡಿ, ನೆರೆ ಅಂತ ಬರೆದರೆ ಪರಿಗಣಿಸಬೇಕು. ಹಾಗಾಗಿ ದಿನಾ ನಡೆದಾಡಿದ ಕಾಲುದಾರಿಯ ಸಂಕಟವಿದ್ದವರೂ ಚರಂಡಿಯ ಬಗ್ಗೆ ಬರೆಯುತ್ತಾರೆ. ಓದುವವರಿಗೆ ಅದು ಸುಮ್ನೆ ನೆಪದ ಹಾಗೆ ಕಾಣುತ್ತದೆ.

ಜಮೀನಿನ ಬೆಲೆಯದ್ದು ಇನ್ನೊಂದು ಗಂಟು. ಕಟ್ಟಲು ಅನುಮತಿ ಸಿಕ್ಕ ದಿನವೇ ಹೊಲದ ಬೆಲೆ ಹತ್ತಾರು ಪಟ್ಟು ಏರುತ್ತದೆ. 1947ರ ಕಾನೂನಿನ ಪ್ರಕಾರ ಆ ಏರಿಕೆಯನ್ನು ಸರ್ಕಾರ ಪೂರ್ತಿ ತೆಗೆದುಕೊಳ್ಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಈಗ ಶಾಲೆ, ರಸ್ತೆಗೆ ಯಾರು ಎಷ್ಟು ಕೊಡಬೇಕು ಅನ್ನುವುದು ಪ್ರತಿ ಯೋಜನೆಯಲ್ಲೂ ಚೌಕಾಸಿ. ಮನೆ ಮೊದಲು ಬಂದು ಶಾಲೆ ತಡವಾದರೆ ಪಕ್ಕದ ಊರು ಅದನ್ನು ಮರೆಯುವುದಿಲ್ಲ.

ಐದು ವರ್ಷಕ್ಕೆ 15 ಲಕ್ಷ ಮನೆ ಈಗಿನ ಸರ್ಕಾರದ ಗುರಿ. 2024ರ ಡಿಸೆಂಬರ್‌ನ ಹೊಸ ನಿಯಮಗಳು ಗ್ರೀನ್ ಬೆಲ್ಟಿನ ಕೆಲವು ಜಾಗಗಳನ್ನು 'ಗ್ರೇ ಬೆಲ್ಟ್' ಅಂತ ಬೇರೆ ಮಾಡಿ, ಅಲ್ಲಿ ಕಟ್ಟುವುದನ್ನು ಸುಲಭ ಮಾಡಿವೆ. ಊರವರಿಗೆ ಸಿಗುವ ಸುಳಿವು ಬಹಳ ಸಲ ಕಂಬಕ್ಕೆ ಕಟ್ಟಿದ ಒಂದು ನೋಟಿಸ್. ಆಕ್ಷೇಪಣೆಗೆ ಸಾಮಾನ್ಯವಾಗಿ 21 ದಿನ. ನಕ್ಷೆ ಅಷ್ಟರಲ್ಲಿ ತಯಾರಾಗಿರುತ್ತದೆ.