ವಾರವಾರ ತೊಟ್ಟಿ ತೊಳೆದರೂ ಮೀನು ಸಾಯುತ್ತಿವೆ, ಯಾಕೆ?

ಪ್ರಶ್ನೆ: ಹಿತ್ತಿಲಲ್ಲಿ ಸಿಮೆಂಟ್ ರಿಂಗಿನ ತೊಟ್ಟಿ ಮಾಡಿ, ನಾಲೆಯಲ್ಲಿ ಹಿಡಿದ ಸಾಸಲು ಮತ್ತಿತರ ಸಣ್ಣ ಮೀನು ಬಿಟ್ಟಿದ್ದೇವೆ. ಪ್ರತಿ ಭಾನುವಾರ ನೀರೆಲ್ಲ ಖಾಲಿ ಮಾಡಿ, ಪಾಚಿ ತಿಕ್ಕಿ, ಹೊಸ ನೀರು ತುಂಬುತ್ತೇವೆ. ಆದರೂ ಬುಧವಾರ, ಗುರುವಾರದ ಹೊತ್ತಿಗೆ ಎರಡು ಮೂರು ಸತ್ತು ತೇಲುತ್ತವೆ. ಇನ್ನೂ ಎಷ್ಟು ಶುಚಿಯಾಗಿಡಬೇಕು?

ಉತ್ತರ: ಮೊದಲು ತೊಳೆಯುವುದನ್ನು ನಿಲ್ಲಿಸಿ. ಮೈಸೂರಿನಿಂದ, ಮಂಡ್ಯದಿಂದ, ಮದ್ದೂರು, ಪಾಂಡವಪುರದಿಂದ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ, ಪ್ರತಿ ಸಲ ಹೇಳುವ ಉತ್ತರವೂ ಇದೇ. ಈ ಸಲ ಬಿಡಿಸಿ ಹೇಳುತ್ತೇನೆ. ಪೂರ್ತಿ ಓದದೆ ಮುಂದಿನ ಭಾನುವಾರ ತೊಟ್ಟಿಗೆ ಕೈ ಹಾಕಬೇಡಿ.

ಮೀನು ಯಾವಾಗ ಸತ್ತಿತು ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ನಲ್ಲಿ ನೀರು ತುಂಬಿದ ಕೆಲವೇ ಗಂಟೆಗಳಲ್ಲಿ ಸತ್ತರೆ ಕ್ಲೋರಿನ್ ಮೇಲೆ ಅನುಮಾನಪಡಿ. ಬೆಳಗಿನ ಜಾವ ಬಾಯಿ ಮೇಲೆತ್ತಿ ಏದುಸಿರು ಬಿಡುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಭಾನುವಾರ ತೊಳೆದು ಬುಧವಾರ ಸತ್ತರೆ ಅಮೋನಿಯಾ. ನಿಮ್ಮದು ಮೂರನೆಯದು.

ಮೀನು ತನ್ನ ಕಿವಿರುಗಳಿಂದ ಹಗಲೂ ರಾತ್ರಿ ಅಮೋನಿಯಾ ಬಿಡುತ್ತಿರುತ್ತದೆ. ತಿಂದು ಮಿಕ್ಕ ಅನ್ನ, ಕಡ್ಲೆಪುರಿ ಕೊಳೆತಾಗ ಹುಟ್ಟುವುದೂ ಅದೇ. ಅದಕ್ಕೆ ಬಣ್ಣವಿಲ್ಲ, ಮೀನು ಸಾಯುವಷ್ಟಿದ್ದರೂ ನಮ್ಮ ಮೂಗಿಗೆ ವಾಸನೆ ಬರುವುದಿಲ್ಲ. ತಳದ ಮರಳು ಕಾಣುವಷ್ಟು ತಿಳಿಯಾದ ನೀರಿನಲ್ಲೂ ಇರಬಹುದು. ಅದನ್ನು ತೆಗೆಯುವ ಕೆಲಸ ಬ್ಯಾಕ್ಟೀರಿಯಾಗಳದು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟೂ ವಿಷವೇ. ನೈಟ್ರೇಟ್ ಮಾತ್ರ ಗಿಡಗಳಿಗೆ ಗೊಬ್ಬರವಾಗುತ್ತದೆ.

ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ತೀರಾ ಕಡಿಮೆ. ಬದುಕುವುದು ಗೋಡೆ, ಮರಳು, ಗಿಡದ ಬೇರು, ಫಿಲ್ಟರಿನ ಸ್ಪಾಂಜಿಗೆ ಅಂಟಿಕೊಂಡು. ತೊಟ್ಟಿಯ ಗೋಡೆಗೆ ಬೆರಳು ಸವರಿದರೆ ತೆಳ್ಳಗೆ ಲೋಳೆ ತಾಗುತ್ತದಲ್ಲ, ಅವು ಇರುವುದು ಅದರಲ್ಲೇ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಏಳು ದಿನಕ್ಕೊಮ್ಮೆ ತೆಂಗಿನ ನಾರು ಹಿಡಿದು ಅದನ್ನೇ ತಿಕ್ಕಿ ಚರಂಡಿಗೆ ಚೆಲ್ಲುತ್ತಿದ್ದೀರಿ. ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರೆ, ಕ್ಲೋರಿನ್ ಹೋಗದ ನಲ್ಲಿ ನೀರು ಬಿಟ್ಟರೆ, ಮರಳಿನ ಸಂದಿಯಲ್ಲಿ ಉಳಿದವೂ ಸಾಯುತ್ತವೆ. ಸೋಮವಾರದಿಂದ ಅಮೋನಿಯಾ ಏರುತ್ತದೆ, ಬುಧವಾರ ಮೀನು ತೇಲುತ್ತದೆ, ನೀರು ಕೆಟ್ಟಿತೆಂದು ಭಾನುವಾರ ಮತ್ತೆ ತೊಳೆಯುತ್ತೀರಿ.

ಬೋರ್‌ವೆಲ್ ನೀರಿನವರಿಗೆ ಇನ್ನೊಂದು ಮಾತು. ಒಂದೇ ಪ್ರಮಾಣದ ಅಮೋನಿಯಾ ಎಲ್ಲ ನೀರಿನಲ್ಲೂ ಒಂದೇ ಥರ ಕೊಲ್ಲುವುದಿಲ್ಲ. 28 ಡಿಗ್ರಿ ನೀರಿನಲ್ಲಿ ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಎಂದು ಹೇಳುವ ಅಳತೆ, 7 ಇದ್ದರೆ ಅದರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ನೂರಕ್ಕೆ ಆರೂವರೆ, 9 ಆದರೆ ಸುಮಾರು ನಲವತ್ತು. ಪಾತ್ರೆಯಲ್ಲಿ ಬಿಳಿ ಕಲೆ ಬಿಡುವ ಗಡಸು ನೀರು ಸಾಮಾನ್ಯವಾಗಿ 7ಕ್ಕಿಂತ ಮೇಲೇ ಇರುತ್ತದೆ.

ಇಷ್ಟು ಹೇಳಿದ ಮೇಲೂ ಬರುವ ಮಾತು: "ಹೊಳೆಯಲ್ಲಿ ಕ್ಷಣಕ್ಷಣಕ್ಕೂ ನೀರು ಬದಲಾಗುತ್ತಲ್ಲ ಸಾರ್, ಅಲ್ಲಿ ಮೀನು ಸಾಯುತ್ತಾ?" ನೀರು ಬದಲಾಗುತ್ತದೆ, ನಿಜ. ಕಲ್ಲು ತೊಳೆಯುವವರು ಯಾರು? ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ನೀರೊಳಗಿನ ಮೆಟ್ಟಿಲ ಮೇಲೆ ಕಾಲಿಟ್ಟು ನೋಡಿ, ಜಾರುತ್ತದೆ. ಆ ಜಾರುವ ಪದರ ಅಲ್ಲೇ ಇರುತ್ತದೆ, ನೀರು ಅದರ ಮೇಲೆ ಹರಿದು ಹೋಗುತ್ತದೆ. ಹೊಳೆಯಲ್ಲಿ ಬರುವ ಹೊಸ ನೀರಿಗೆ ಕ್ಲೋರಿನ್ ಇಲ್ಲ, ಐದು ನಿಮಿಷದಲ್ಲಿ ಐದಾರು ಡಿಗ್ರಿ ಏರಿಳಿಯುವುದೂ ಇಲ್ಲ.

ಇನ್ನೊಂದು ವಾದ: "ನಮ್ಮಜ್ಜಿ ಕಾಲದಲ್ಲಿ ಕಲ್ಲು ತೊಟ್ಟಿಯನ್ನು ವಾರವಾರ ತೊಳೆಯುತ್ತಿದ್ದರು, ಮೀನು ಚೆನ್ನಾಗೇ ಇರುತ್ತಿದ್ದವು." ಆ ತೊಟ್ಟಿಯಲ್ಲಿ ಇರುತ್ತಿದ್ದುದು ಎರಡೋ ಮೂರೋ ಮೀನು, ತುಂಬುತ್ತಿದ್ದುದು ಬಾವಿ ನೀರು. ಕುಡಿಯುವ ನೀರಿನ ಹಂಡೆ, ಕೊಡವನ್ನು ದಿನಾ ಬೆಳಗಬೇಕು, ಅದರಲ್ಲಿ ತಪ್ಪಿಲ್ಲ. ಮೀನು ಉಸಿರಾಡುವುದೂ ವಿಸರ್ಜಿಸುವುದೂ ಒಂದೇ ನೀರಿನಲ್ಲಿ. ಅದಕ್ಕೆ ಹಂಡೆಯ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? 3 ಅಡಿ ಅಗಲದ, ಅಡಿ ಎತ್ತರದ ಎರಡು ರಿಂಗ್ ಕೂರಿಸಿ 20 ಇಂಚು ನೀರು ನಿಲ್ಲಿಸಿದರೆ ಸುಮಾರು 330 ಲೀಟರ್. ಹತ್ತು ಹದಿನೈದು ದಿನಕ್ಕೊಮ್ಮೆ ಅದರಲ್ಲಿ ಐದನೇ ಒಂದು ಪಾಲು, ಅಂದರೆ ಐದಾರು ಕೊಡ ನೀರನ್ನು ಅರ್ಧ ಇಂಚಿನ ಪೈಪಿನಿಂದ ತಳದ ಕಸದ ಸಮೇತ ಎಳೆದು ಕರಿಬೇವಿನ ಬುಡಕ್ಕೋ ಬಾಳೆಗೋ ಬಿಡಿ. ಗೋಡೆಯ ಪಾಚಿ ಮುಟ್ಟಬೇಡಿ. ಫಿಲ್ಟರಿನ ಸ್ಪಾಂಜಿನಲ್ಲಿ ಕಸ ಕಟ್ಟಿಕೊಂಡರೆ ಅದೇ ತೊಟ್ಟಿಯಿಂದ ತೆಗೆದ ಒಂದು ಬಕೆಟ್ ನೀರಿನಲ್ಲಿ ನಾಲ್ಕು ಸಲ ಹಿಂಡಿ ಮತ್ತೆ ಇಡಿ. ಕಾಫಿ ಬಣ್ಣದ ನೀರು ಬರುತ್ತದೆ, ಅಷ್ಟು ಸಾಕು. ಬೆಳ್ಳಗಾಗುವವರೆಗೆ ಹಿಂಡಬೇಡಿ, ನಲ್ಲಿಯ ಕೆಳಗಂತೂ ಹಿಡಿಯಲೇಬೇಡಿ.

ತುಂಬುವ ನೀರನ್ನು ಹಿಂದಿನ ದಿನವೇ ಅಗಲ ಬಾಯಿಯ ಡ್ರಮ್ಮಿನಲ್ಲಿ ಬಿಸಿಲಿಗೆ ಇಡಿ. ಮೈಸೂರಿನ ನಲ್ಲಿಗೆ ಬರುವ ಕಾವೇರಿ, ಕಬಿನಿ ನೀರಿಗೆ ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಅವಸರವಿದ್ದರೆ 100 ಲೀಟರಿಗೆ 1 ಗ್ರಾಂ ಹೈಪೋ ಹರಳು (ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್) ಕರಗಿಸಿ. ಬೋರ್ ನೀರಿಗೆ ಕ್ಲೋರಿನ್ ಚಿಂತೆ ಇಲ್ಲ, ಆದರೆ ನೆಲದಿಂದ ನೇರ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ಎತ್ತರದಿಂದ ಸುರಿದು ಒಂದು ದಿನ ಬಿಟ್ಟು ಬಳಸಿ. ಬೇಸಿಗೆಯಲ್ಲಿ ಆವಿಯಾದಷ್ಟನ್ನು ತುಂಬುವುದು ನೀರು ಬದಲಿಸಿದ ಹಾಗಲ್ಲ. ಆವಿಯಾಗುವುದು ನೀರು ಮಾತ್ರ, ಲವಣವೆಲ್ಲ ತೊಟ್ಟಿಯಲ್ಲೇ ಉಳಿದು ಗಡಸುತನ ಏರುತ್ತಾ ಹೋಗುತ್ತದೆ. ಮಳೆ ನೀರು ಹಿಡಿದಿಟ್ಟವರು ಅದಕ್ಕೇ ಬಳಸಿ.

ಈಗ ಸಾಯುತ್ತಿರುವ ಮೀನುಗಳಿಗೆ: ಎರಡು ದಿನ ತಿಂಡಿ ಹಾಕಬೇಡಿ. ಒಂದು ವಾರ ದಿನಾ ಕಾಲು ಭಾಗ ನೀರು ಬದಲಿಸಿ, ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಮೀನು ಆರೋಗ್ಯವಾಗಿರುವ ಹಳೆಯ ತೊಟ್ಟಿ ಗೊತ್ತಿದ್ದವರ ಮನೆಯಲ್ಲಿದ್ದರೆ ಎರಡು ಬೊಗಸೆ ಮರಳು ಕೇಳಿ ತಂದು ಹಾಕಿ. ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿದರೆ ಆಮೇಲೆ ಏರುವ ನೈಟ್ರೈಟ್ ಮೀನಿನ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ.

ರಿಂಗ್ ಹೊಸದಾದರೆ ಇನ್ನೊಂದು ತೊಂದರೆಯೂ ಇದೆ. ಹಸಿ ಸಿಮೆಂಟು ಸುಣ್ಣ ಬಿಟ್ಟು ಪಿಎಚ್ 10 ದಾಟಿಸುತ್ತದೆ. ಮೀನು ಬಿಡುವ ಮೊದಲೇ ಬಾಳೆದಿಂಡಿನ ತುಂಡು ಹಾಕಿ ನೀರು ತುಂಬಿ, ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿ ಮತ್ತೆ ತುಂಬಿ. ಮೂರು ವಾರ ಬೇಕು. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಬೇಕಾದ್ದು ಆಗ ಮಾತ್ರ.

330 ಲೀಟರಿಗೆ ಎರಡು ಮೂರು ಇಂಚಿನ ಇಪ್ಪತ್ತು ಮೀನಿಗಿಂತ ಹೆಚ್ಚು ಬೇಡ. ನಾಲೆ ನೀರು ನಿಲ್ಲಿಸಿದಾಗ ಹೊಂಡಗಳಲ್ಲಿ ಸಿಕ್ಕಿಕೊಂಡ ಮೀನನ್ನು ಬಕೆಟ್ಟುಗಟ್ಟಲೆ ತುಂಬಿ ತರುತ್ತಾರೆ, ಮುಕ್ಕಾಲು ಪಾಲು ದಾರಿಯಲ್ಲೇ ಸಾಯುತ್ತವೆ. ಬೇಕಾದಷ್ಟೇ ತನ್ನಿ. ರಂಗನತಿಟ್ಟು ಪಕ್ಷಿಧಾಮದೊಳಗೆ ಮೀನು ಹಿಡಿಯುವ ಹಾಗೇ ಇಲ್ಲ.

ಯಾರೂ ಕೇಳದಿದ್ದರೂ ತೊಟ್ಟಿ ಅಂದ ಮೇಲೆ ಸೊಳ್ಳೆಯ ಮಾತು ಬರಬೇಕು. ಸೊಳ್ಳೆ ಮರಿ ತಿನ್ನಲಿ ಎಂದು ಗ್ಯಾಂಬೂಸಿಯಾ ತಂದು ಬಿಡುವವರಿದ್ದಾರೆ. ಅಮೆರಿಕ ಮೂಲದ ಆ ಮೀನು ನಮ್ಮ ದೇಶಕ್ಕೆ ಬಂದದ್ದು 1928ರಲ್ಲಿ, ಇಟಲಿಯಿಂದ. ಅದು ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ, ಮೊಟ್ಟೆ, ಕಪ್ಪೆಮರಿ ತಿನ್ನುತ್ತದೆ, ಮಳೆಗೆ ತೊಟ್ಟಿ ತುಂಬಿ ಹರಿದರೆ ಕೆರೆ ಸೇರುತ್ತದೆ. ಅದರ ಬದಲಿಗೆ ನಮ್ಮ ಗದ್ದೆಯ ಕಾಲುವೆಗಳಲ್ಲೇ ಪಂಚಾಕ್ಸ್ ಎಂಬ ಸಣ್ಣ ಮೀನಿದೆ. ಮೇಲಿನಿಂದ ನೋಡಿದರೆ ತಲೆಯ ಮೇಲೊಂದು ಬೆಳ್ಳಿ ಚುಕ್ಕೆ ಹೊಳೆಯುತ್ತದೆ, ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ನಿಂತಿರುತ್ತದೆ. ಸೊಳ್ಳೆ ಮರಿ ಉಸಿರಿಗೆ ಬರುವುದೂ ಅದೇ ಮೇಲ್ಮೈಗೆ. ಐದಾರು ಸಾಕು. ಎಗರುವ ಮೀನು, ಮೇಲೆ ನೈಲಾನ್ ಬಲೆ ಬಿಗಿಯಿರಿ. ಮಿಂಚುಳ್ಳಿಯಿಂದಲೂ ಕಾವಲಾಗುತ್ತದೆ. ಒಂದು ಹಿಡಿ ತೆಂಗಿನ ನಾರನ್ನು ಕುದಿಸಿ, ಕಟ್ಟಿ ಇಳಿಬಿಟ್ಟರೆ ಪಂಚಾಕ್ಸ್ ಅದಕ್ಕೆ ಮೊಟ್ಟೆ ಅಂಟಿಸುತ್ತದೆ. ಅದನ್ನು ಬೇರೆ ಟಬ್ಬಿಗೆ ಹಾಕಿ, ಇಲ್ಲದಿದ್ದರೆ ದೊಡ್ಡವೇ ತಿಂದುಬಿಡುತ್ತವೆ. ಎರಡು ವಾರದಲ್ಲಿ ಮರಿ ಹೊರಬರುತ್ತವೆ. ಆ ಟಬ್ಬಿಗೂ ನಿಮ್ಮ ತೊಟ್ಟಿಯ ಹಳೆಯ ನೀರನ್ನೇ ತುಂಬಿ.