ಯಾರ ಮೂಳೆ ಅದು?

“ಯಾರ ಮೂಳೆ ಡಾಕ್ಟ್ರೇ ಅದು?”

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿಕೊಂಡೇ ಅಮ್ಮ ಕೇಳಿದರು. ಡಾಕ್ಟರ ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಗಾಜಿನ ಸೀಸೆ ಇತ್ತು. ಅದರ ತಳದಲ್ಲಿ ಒಂದಿಷ್ಟು ಬಿಳಿ ಪುಡಿ. ಹಿಟ್ಟಿನಂತೆ ನುಣ್ಣಗಿರಲಿಲ್ಲ, ಬನ್ಸಿ ರವೆಯ ಹಾಗಿತ್ತು. ಕಿತ್ತ ಹಲ್ಲಿನ ಜಾಗದಲ್ಲಿ ಕೃತಕ ಹಲ್ಲು ಕೂರಿಸುವ ಮೊದಲು ಅಮ್ಮನ ದವಡೆಗೆ ತುಂಬಬೇಕಿದ್ದ ಮೂಳೆ ಪುಡಿ ಅದು. “ದಾನಿಗಳದ್ದಮ್ಮ, ಮೂಳೆ ಬ್ಯಾಂಕಿನಿಂದ ಬರುತ್ತೆ” ಎಂದರು ಡಾಕ್ಟರು. ಅಮ್ಮನಿಗೆ ಆ ಉತ್ತರ ಸಾಲಲಿಲ್ಲ. ನನಗೂ ಸಾಲಲಿಲ್ಲ. ಮನೆಗೆ ಬಂದವನು ಇದರ ಬಗ್ಗೆ ಓದುತ್ತಾ ಕೂತೆ.

ಮೊದಲು, ಅಮ್ಮನ ಸ್ವಂತ ಮೂಳೆ ಎಲ್ಲಿ ಹೋಯಿತು? ಅವರು ಕೆಳಗಿನ ದವಡೆ ಹಲ್ಲು ಕೀಳಿಸಿ ನಾಲ್ಕು ವರ್ಷವಾಗಿತ್ತು. “ಒಂದು ಹಲ್ಲು ತಾನೇ, ಇನ್ನೊಂದು ಕಡೆಯಿಂದ ಅಗೀತೀನಿ” ಎಂದು ಸುಮ್ನೆ ಇದ್ದುಬಿಟ್ಟರು. ನಾವೂ ಬಿಟ್ಟೆವು. ದವಡೆಯಲ್ಲಿ ಹಲ್ಲಿನ ಬೇರನ್ನು ಹಿಡಿದಿರುವ ಮೂಳೆ ಇದೆಯಲ್ಲ, ಅದು ಹಲ್ಲಿನ ಜೊತೆ ಹುಟ್ಟಿ ಹಲ್ಲಿಗಾಗಿಯೇ ಇರುವ ಮೂಳೆ. ನಾವು ಅಗಿಯುವಾಗಲೆಲ್ಲ ಬೇರು ಸುತ್ತಲಿನ ಸಣ್ಣ ನಾರುಗಳನ್ನು ಎಳೆಯುತ್ತದೆ. ಆ ಎಳೆತ ಮೂಳೆಗೆ ತಲುಪುತ್ತದೆ. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಬೆಳೆಯುತ್ತದೆ, ಭಾರ ಇಲ್ಲದಿದ್ದರೆ ಸವೆಯುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಹಲ್ಲು ಹೋದರೆ ಭಾರವೂ ಹೋಯಿತು. ಕಿತ್ತ ಒಂದು ವರ್ಷದಲ್ಲಿ ಆ ಜಾಗದ ಮೂಳೆಯ ಅಗಲ ಹೆಚ್ಚುಕಡಿಮೆ ಅರ್ಧ ಕರಗುತ್ತದೆ. ಅದರಲ್ಲೂ ಮೂರರಲ್ಲಿ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ.

ಬೊಚ್ಚು ಬಾಯಿಯ ಅಜ್ಜಿಯರ ಗದ್ದ ಮೂಗಿನ ಹತ್ತಿರ ಬಂದಂತೆ ಕಾಣುವುದೂ ಇದರಿಂದಲೇ. ಹಲ್ಲುಗಳು ಬಿದ್ದದ್ದು ಮಾತ್ರ ಅಲ್ಲ, ಅವುಗಳ ಹಿಂದೆಯೇ ಮೂಳೆಯೂ ಹೊರಟುಹೋಗಿರುತ್ತದೆ.

ಅಮ್ಮನಿಗೆ ಹಾಕಬೇಕಿದ್ದದ್ದು ಇಂಪ್ಲಾಂಟ್. ಇಂಪ್ಲಾಂಟ್ ಅಂದರೆ ಕೃತಕ ಹಲ್ಲಿಗೆ ಬೇರಿನಂತೆ ದವಡೆ ಮೂಳೆಯೊಳಗೆ ಕೂರಿಸುವ, ಟೈಟೇನಿಯಂ ಎಂಬ ಲೋಹದ ಸ್ಕ್ರೂ. ದಪ್ಪ ಸುಮಾರು 4 ಮಿಲಿಮೀಟರ್. ಅದರ ಸುತ್ತ ಎಲ್ಲ ಕಡೆಯೂ ಒಂದೊಂದು ಮಿಲಿಮೀಟರಿಗಿಂತ ಜಾಸ್ತಿ ಮೂಳೆ ಇರಬೇಕು. ತೆಳು ಗೋಡೆಗೆ ರಕ್ತ ಸರಿಯಾಗಿ ಸಿಗುವುದಿಲ್ಲ, ಅದು ನಿಧಾನವಾಗಿ ಕರಗಿ ಸ್ಕ್ರೂವಿನ ಸುತ್ತು ಹೊರಗೆ ಕಾಣತೊಡಗುತ್ತದೆ. ಅಂದರೆ 6-7 ಮಿಲಿಮೀಟರ್ ಅಗಲದ ಮೂಳೆ ಬೇಕು. ಅಮ್ಮನ ಸ್ಕ್ಯಾನಿನಲ್ಲಿ ಕಂಡದ್ದು ನಾಲ್ಕು.

ಕೊರತೆಯನ್ನು ತುಂಬಲು ಅವರದೇ ಮೂಳೆ ತೆಗೆಯಬಹುದಿತ್ತು. ಗದ್ದದಿಂದ, ಕೊನೆಯ ದವಡೆ ಹಲ್ಲಿನ ಹಿಂದಿನಿಂದ, ತುಂಬಾ ಬೇಕಿದ್ದರೆ ಸೊಂಟದಿಂದ. ಅದರಲ್ಲಿ ಜೀವಂತ ಕೋಶಗಳಿರುತ್ತವೆ, ಆ ಮಟ್ಟಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಒಂದು ಗಾಯ ವಾಸಿ ಮಾಡಲು ಇನ್ನೊಂದು ಗಾಯ ಮಾಡಬೇಕು. ಅರವತ್ತೆಂಟು ವರ್ಷದ ಅಮ್ಮನಿಗೆ ಒಂದು ಹಲ್ಲಿಗಾಗಿ ಅದು ಬೇಡ ಅನ್ನಿಸಿತು.

ಬೇರೆಯವರ ಮೂಳೆ ಬಳಸುವುದು ಹೊಸ ಯೋಚನೆಯಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮೆಕ್ಯುವೆನ್ ಎಂಬ ಶಸ್ತ್ರವೈದ್ಯರಿದ್ದರು. 1880ರ ಹೊತ್ತಿಗೆ ಅವರ ಬಳಿ ಒಬ್ಬ ಪುಟ್ಟ ಹುಡುಗ ಬಂದ. ಸೋಂಕಿನಿಂದ ಅವನ ತೋಳಿನ ಮೂಳೆ ಬಹುಪಾಲು ಹೋಗಿತ್ತು. ಆ ಊರಿನಲ್ಲಿ ಆಗ ರಿಕೆಟ್ಸ್ ಜಾಸ್ತಿ, ಅಂದರೆ ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುವ ಕಾಯಿಲೆ. ಸೊಟ್ಟ ಕಾಲಿನ ಮಕ್ಕಳಿಗೆ ಮೆಕ್ಯುವೆನ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕಾಲು ನೆಟ್ಟಗಾಗಲು ಮೂಳೆಯ ಒಂದು ತುಂಡನ್ನು ಕತ್ತರಿಸಿ ತೆಗೆಯಬೇಕಿತ್ತು. ಬಿಸಾಡುವ ಆ ತುಂಡುಗಳನ್ನೇ ಅವರು ಸಣ್ಣಗೆ ಮಾಡಿ ಈ ಹುಡುಗನ ತೋಳಿಗೆ ಜೋಡಿಸಿದರು. ತೋಳು ಕೆಲಸಕ್ಕೆ ಬಂತು. ಒಂದು ಮಗುವಿನ ಕಾಲು ನೆಟ್ಟಗಾದದ್ದರಿಂದ ಇನ್ನೊಂದು ಮಗುವಿನ ಕೈ ಉಳಿಯಿತು. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಈಗಲೂ ದಾನದ ಮೂಳೆ ಕೆಲವು ಸಲ ಬರುವುದು ಹೀಗೆಯೇ. ಸತ್ತ ಮೇಲೆ ದಾನ ಮಾಡುವವರಿದ್ದಾರೆ. ಅವರ ಜೊತೆಗೆ ಬದುಕಿರುವ ದಾನಿಗಳೂ ಇದ್ದಾರೆ. ಸೊಂಟದ ಕೀಲು ಬದಲಿಸುವಾಗ ತೊಡೆ ಮೂಳೆಯ ಮೇಲ್ತುದಿಯ ಗುಂಡನ್ನು ತೆಗೆಯುತ್ತಾರೆ. ರೋಗಿ ಒಪ್ಪಿದರೆ ಅದು ಕಸಕ್ಕೆ ಹೋಗುವ ಬದಲು ಬ್ಯಾಂಕಿಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಈ ಕೆಲಸ ಮಾಡುತ್ತಿದೆ. ಅಲ್ಲಿ ತಯಾರಾದ ಮೂಳೆ ಎಷ್ಟೋ ಹಲ್ಲಿನ ಆಸ್ಪತ್ರೆಗಳಿಗೆ ಹೋಗಿದೆ.

ಬೇರೆಯವರ ಕಿಡ್ನಿ ಹಾಕಿಸಿಕೊಂಡವರು, ದೇಹ ಅದನ್ನು ತಿರಸ್ಕರಿಸದಿರಲಿ ಎಂದು ಜೀವನಪೂರ್ತಿ ಮಾತ್ರೆ ನುಂಗುತ್ತಾರೆ. ಮೂಳೆ ಪುಡಿಗೆ ಅದೆಲ್ಲ ಯಾಕೆ ಬೇಡ? ಅದರಲ್ಲಿ ಜೀವ ಇಲ್ಲ. ಬ್ಯಾಂಕಿನಲ್ಲಿ ಮಜ್ಜೆ, ರಕ್ತ, ಕೊಬ್ಬು ಎಲ್ಲವನ್ನೂ ತೊಳೆದು ತೆಗೆಯುತ್ತಾರೆ. ಆಲ್ಕೋಹಾಲಿನಂಥ ದ್ರವಗಳಲ್ಲಿ ಅದ್ದುತ್ತಾರೆ. ಹೆಪ್ಪುಗಟ್ಟಿಸಿ, ಆ ಮಂಜನ್ನು ನೀರಾಗಲು ಬಿಡದೆ ನೇರ ಆವಿ ಮಾಡಿ ಒಣಗಿಸುತ್ತಾರೆ. ಕೊನೆಗೆ ಗಾಮಾ ಕಿರಣ ಹಾಯಿಸುತ್ತಾರೆ, ಸಾಮಾನ್ಯವಾಗಿ 25 ಕಿಲೋಗ್ರೇ, ಅಂದರೆ 25,000 ಗ್ರೇ. ಗ್ರೇ ಎಂಬುದು ವಿಕಿರಣದ ಅಳತೆ. ಮನುಷ್ಯನ ಇಡೀ ಮೈಗೆ 5 ಗ್ರೇ ಬಿದ್ದರೆ ಬದುಕುವುದೇ ಕಷ್ಟ. ಇದು ಅದರ 5,000 ಪಟ್ಟು. ಉಳಿಯುವುದು ಖನಿಜ ಮತ್ತು ಕೊಲಾಜೆನ್ ಎಂಬ ನಾರು. ನಮ್ಮ ದೇಹ ಪರಕೀಯ ಎಂದು ಗುರುತಿಸುವುದು ಮುಖ್ಯವಾಗಿ ಕೋಶಗಳನ್ನು. ಅವೇ ಇಲ್ಲದಿದ್ದರೆ ಜಗಳ ಬಹಳ ಕಡಿಮೆ.

ಈ ತೊಳೆಯುವ ಕೆಲಸ ಎಷ್ಟು ಮುಖ್ಯ ಎಂದು ಒಂದು ದುಃಖದ ಪ್ರಸಂಗ ತೋರಿಸುತ್ತದೆ. 1985ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯ ಅಂಗಗಳನ್ನೂ ಮೂಳೆಗಳನ್ನೂ ಹಲವರಿಗೆ ಹಾಕಿದರು. ಎಚ್‌ಐವಿ ಪರೀಕ್ಷೆ ಆಗಷ್ಟೇ ಬಂದಿತ್ತು. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಅದು ಹುಡುಕುತ್ತಿದ್ದದ್ದು ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳನ್ನು. ಸೋಂಕು ತೀರ ಹೊಸದಾದ್ದರಿಂದ ಅವು ಇನ್ನೂ ಹುಟ್ಟಿರಲಿಲ್ಲ. ವರ್ಷಗಳ ನಂತರ ಹುಡುಕಿದಾಗ, ಅಂಗ ಪಡೆದ ನಾಲ್ವರಿಗೂ, ಸಂಸ್ಕರಿಸದೆ ಹಾಗೇ ಹೆಪ್ಪುಗಟ್ಟಿಸಿದ ಮೂಳೆ ಪಡೆದ ಮೂವರಿಗೂ ಎಚ್‌ಐವಿ ಬಂದಿತ್ತು. ಅದೇ ದಾನಿಯ ಮೂಳೆಯನ್ನು ಆಲ್ಕೋಹಾಲಿನಲ್ಲಿ ಸಂಸ್ಕರಿಸಿ 25 ಜನರಿಗೆ ಹಾಕಿದ್ದರು. ಆ 25 ಜನರಲ್ಲಿ ಒಬ್ಬರಿಗೂ ಬರಲಿಲ್ಲ. ಇಂದು ಪ್ರತಿಕಾಯಗಳಿಗೆ ಕಾಯದೆ ವೈರಸ್ಸನ್ನೇ ಹುಡುಕುವ ಪರೀಕ್ಷೆಗಳಿವೆ.

ಆದರೆ ಎಚ್ಚರ ತಪ್ಪುವ ಹಾಗಿಲ್ಲ. ಈಚೆಗೆ ಜೀವಂತ ಕೋಶಗಳನ್ನು ಉಳಿಸಿಕೊಂಡ ದಾನದ ಮೂಳೆಯೂ ಬಂದಿದೆ. ಕೋಶ ಬದುಕಿರಬೇಕು ಅಂದರೆ ಗಾಮಾ ಕಿರಣ ಹಾಯಿಸುವ ಹಾಗಿಲ್ಲ. ಅಮೆರಿಕದಲ್ಲಿ 2021ರಲ್ಲಿ, ಮತ್ತೆ 2023ರಲ್ಲಿ ಅಂಥ ಮೂಳೆಯಿಂದ ರೋಗಿಗಳಿಗೆ ಕ್ಷಯ ತಗುಲಿತು. ಒಂದು ಹಲ್ಲಿನ ಜಾಗಕ್ಕೆ ಸತ್ತ ಮೂಳೆಯೇ ಸಾಕು, ಅದೇ ಒಳ್ಳೆಯದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಸರಿ, ಸತ್ತ ಪುಡಿ ಜೀವಂತ ದವಡೆಯಾಗುವುದು ಹೇಗೆ? ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಹೀರೆ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಪುಡಿ ಮೊದಲು ಮಾಡುವುದು ಆ ಚಪ್ಪರದ ಕೆಲಸ. ಕಾಳುಗಳ ನಡುವಿನ ಸಂದುಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅಕ್ಕಪಕ್ಕದ ಮೂಳೆಯಿಂದ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳು ಆ ಸಂದುಗಳೊಳಗೆ ಹಬ್ಬುತ್ತವೆ. ಅವುಗಳ ಹಿಂದೆ ಎರಡು ಬಗೆಯ ಕೆಲಸಗಾರ ಕೋಶಗಳು ಬರುತ್ತವೆ. ಒಂದು ಹಳೆಯ ಮೂಳೆಯನ್ನು ಆಮ್ಲದಿಂದ ಕರಗಿಸಿ ತಿನ್ನುತ್ತದೆ. ಇನ್ನೊಂದು ಹೊಸ ಮೂಳೆ ಹಾಸುತ್ತದೆ. ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತಾ, ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತಾ ಮುಂದೆ ಸಾಗುತ್ತವೆ.

ಪುಡಿ ಬರೀ ಚಪ್ಪರವೂ ಅಲ್ಲ. 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್ ಮೂಳೆಯನ್ನು ಆಮ್ಲದಲ್ಲಿಟ್ಟು ಖನಿಜವನ್ನೆಲ್ಲ ತೆಗೆದು, ಉಳಿದದ್ದನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟರು. ಮೂಳೆಗೆ ಏನೂ ಕೆಲಸವಿಲ್ಲದ ಜಾಗ ಅದು. ಅಲ್ಲಿ ಹೊಸ ಮೂಳೆ ಹುಟ್ಟಿತು! ಸತ್ತ ಮೂಳೆಯೊಳಗೆ ಅಡಗಿದ್ದ ಕೆಲವು ಪ್ರೋಟೀನುಗಳು ಸುತ್ತಲಿನ ಕೋಶಗಳಿಗೆ ‘ಮೂಳೆ ಕಟ್ಟಿ’ ಎಂದು ಹೇಳಿದ್ದವು. ಅದೇ 1965ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊದಲ ಸಲ ಒಬ್ಬ ರೋಗಿಯ ದವಡೆಗೆ ಟೈಟೇನಿಯಂ ಸ್ಕ್ರೂ ಹಾಕಿದರು. ಟೈಟೇನಿಯಂಗೆ ಮೂಳೆ ಬೆಸೆದುಕೊಳ್ಳುತ್ತದೆ ಎಂದು ಅವರಿಗೆ ಗೊತ್ತಾದದ್ದು 1952ರಲ್ಲಿ ಶುರುವಾದ ಮೊಲದ ಪ್ರಯೋಗಗಳಲ್ಲಿ. ಮೊಲದ ಮೂಳೆಯೊಳಗೆ ಇಟ್ಟ ಟೈಟೇನಿಯಂ ಉಪಕರಣವನ್ನು ಮತ್ತೆ ಹೊರತೆಗೆಯಲು ಆಗಲಿಲ್ಲ. ದೂರದ ಎರಡು ಊರುಗಳಲ್ಲಿ ಒಂದೇ ವರ್ಷ ನಡೆದ ಈ ಎರಡು ಕೆಲಸ ಇಂದು ಅಮ್ಮನ ಬಾಯಲ್ಲಿ ಸೇರಿವೆ.

ಅದಕ್ಕೇ ಪುಡಿಯಲ್ಲೂ ಎರಡು ಬಗೆ: ಖನಿಜ ಉಳಿಸಿಕೊಂಡದ್ದು, ಖನಿಜ ತೆಗೆದದ್ದು. ಮೊದಲನೆಯದು ಗಟ್ಟಿ, ಜಾಗವನ್ನು ಜಾಸ್ತಿ ದಿನ ಹಿಡಿದಿಡುತ್ತದೆ. ಎರಡನೆಯದು ಬೇಗ ಕರಗಿ ಹೊಸ ಮೂಳೆಗೆ ದಾರಿ ಬಿಡುತ್ತದೆ. ಅಗಲವೇ ಕುಗ್ಗಿದ ಕಡೆ ಎರಡನ್ನೂ ಬೆರೆಸಿ ಹಾಕುವುದುಂಟು.

ಪುಡಿ ತುಂಬಿದ ಮೇಲೆ ಡಾಕ್ಟರು ಮೇಲೊಂದು ತೆಳು ಪೊರೆ ಹೊದಿಸಿ ವಸಡು ಹೊಲಿದರು. ವಸಡು ದಿನಗಳಲ್ಲಿ ಬೆಳೆಯುತ್ತದೆ, ಮೂಳೆ ತಿಂಗಳುಗಳಲ್ಲಿ. ತಡೆ ಇಲ್ಲದಿದ್ದರೆ ವಸಡು ಒಳಗೆ ನುಗ್ಗಿ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಈ ಪೊರೆ ಎಷ್ಟೋ ಸಲ ದನದ ಅಥವಾ ಹಂದಿಯ ಕೊಲಾಜೆನ್‌ನಿಂದ ಮಾಡಿದ್ದಿರುತ್ತದೆ. ದವಡೆಗೆ ತುಂಬುವ ಪುಡಿಯಲ್ಲೂ ದನದ ಮೂಳೆಯದ್ದು ತುಂಬಾ ಬಳಕೆಯಲ್ಲಿದೆ. ವೈದ್ಯಕೀಯವಾಗಿ ಅದು ಒಳ್ಳೆಯ ವಸ್ತುವೇ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಸಣ್ಣ ವಿಷಯ ಅಲ್ಲ, ಅಲ್ವಾ? ಅಮ್ಮ ಕೇಳದಿದ್ದರೆ ಆ ಮಾತು ಬರುತ್ತಲೇ ಇರಲಿಲ್ಲ. ಆ ಬೇಸರ ನನಗೆ ಇನ್ನೂ ಇದೆ. ಕೇಳುವ ಮೊದಲೇ ಹೇಳಬೇಕು. ಪುಡಿ ಯಾವುದರದ್ದು, ಪೊರೆ ಯಾವುದರದ್ದು, ಬೇರೆ ಏನು ಆಯ್ಕೆ ಇದೆ ಎಂದು ಸಹಿ ಹಾಕಿಸುವ ಮುಂಚೆ ಕನ್ನಡದಲ್ಲಿ ಕೂತು ಹೇಳಬೇಕು. ಸೀಸೆಯ ಮೇಲಿನ ನಂಬರಿನ ಚೀಟಿಯನ್ನು ನಿಮ್ಮ ಫೈಲಿನಲ್ಲಿ ಅಂಟಿಸಿಕೊಳ್ಳಿ. ನಾಳೆ ಏನಾದರೂ ತೊಂದರೆಯಾದರೆ ದಾನಿಯವರೆಗೆ ಹಿಂದೆ ಹೋಗಿ ನೋಡಲು ಇರುವ ದಾರಿ ಅದೊಂದೇ.

ಆಮೇಲೆ ಕಾಯುವುದು. ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಇದು ಕೆಡುವ ಸಂಭವ ಹೆಚ್ಚು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಲೇಬೇಕು.

ಇಂಪ್ಲಾಂಟ್ ಹಾಕುವ ದಿನ ಕೆಲವು ಕಡೆ ಟೊಳ್ಳು ಡ್ರಿಲ್ಲಿನಿಂದ ಮೂಳೆಯ ಸಣ್ಣ ಕಡ್ಡಿಯೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೂಳೆಯ ಕೋಶಗಳು ಪುಟ್ಟ ಗೂಡುಗಳಲ್ಲಿ ವಾಸಿಸುತ್ತವೆ. ದಾನಿಯ ಕಾಳುಗಳಲ್ಲಿ ಗೂಡುಗಳು ಖಾಲಿ ಇರುತ್ತವೆ. ಅದಕ್ಕೆ ಅಂಟಿಕೊಂಡೇ ಬೆಳೆದ ಹೊಸ ಮೂಳೆಯಲ್ಲಿ ಒಂದೊಂದು ಗೂಡಿನಲ್ಲೂ ಒಂದೊಂದು ಕೋಶ ಕೂತಿರುತ್ತದೆ. ಒಂದೇ ತುಂಡಿನಲ್ಲಿ ಇಬ್ಬರು ಮನುಷ್ಯರು ಅಕ್ಕಪಕ್ಕ.

ಅಮ್ಮನ ದವಡೆಯಿಂದ ಹಾಗೆ ತೆಗೆಯಲಿಲ್ಲ. ಆರು ತಿಂಗಳು ಕಳೆದ ಮೇಲೆ ಡಾಕ್ಟರು ವಸಡು ಬಿಡಿಸಿ ಡ್ರಿಲ್ ಇಳಿಸಿದರು. ಪುಡಿ ತುಂಬಿದ್ದ ಜಾಗದಿಂದ ಕೆಂಪಗೆ ರಕ್ತ ಜಿನುಗಿತು. ಸೀಸೆಯಲ್ಲಿದ್ದ ಮೂಳೆಯಲ್ಲಿ ರಕ್ತ ಇರಲಿಲ್ಲ.