ಮೊದಲು ಮಧ್ಯಸ್ಥಾನ ಹುಡುಕಿ, ಸೂತ್ರ ಆಮೇಲೆ

ಫಸ್ಟ್ ಪಿಯುಸಿಯಲ್ಲಿ ಆಂದೋಲನಗಳ ಪಾಠ ಶುರುವಾದರೆ ಮಕ್ಕಳು ಹಾಳೆ ತುಂಬ ಸೂತ್ರ ಬರೆದಿಟ್ಟುಕೊಳ್ಳುತ್ತಾರೆ. ಆದರೆ ಸರಳ ಸಂಗತ ಚಲನೆಯಲ್ಲಿ (ಮಧ್ಯಸ್ಥಾನದಿಂದ ದೂರ ಹೋದಷ್ಟೂ ಅದರತ್ತ ಎಳೆಯುವ ಬಲ ಅದೇ ಪ್ರಮಾಣದಲ್ಲಿ ಹೆಚ್ಚುವ ಓಲಾಟದಲ್ಲಿ) ಸೂತ್ರ ಮರೆತು ಅಂಕ ಹೋಗುವುದು ಕಡಿಮೆ. ಎಲ್ಲಿಂದ ಅಳೆಯಬೇಕು ಅಂತ ನೋಡದೆ ಹೋಗುವುದೇ ಜಾಸ್ತಿ.

ಈ ಲೆಕ್ಕ ನೋಡಿ. ಸ್ಪ್ರಿಂಗೊಂದು ಮೇಲಿಂದ ನೇತಾಡುತ್ತಿದೆ. ಅದರ ಸ್ಥಿರಾಂಕ, ಅಂದರೆ ಹಿಗ್ಗಿಸಲು ಬೇಕಾದ ಬಲ, ಮೀಟರಿಗೆ 50 ನ್ಯೂಟನ್. ಸ್ಪ್ರಿಂಗ್ ಒಂದಿಷ್ಟೂ ಹಿಗ್ಗದೆ ಇರುವಾಗಲೇ ಅರ್ಧ ಕೆಜಿ ಗುಂಡು ಸಿಕ್ಕಿಸಿ ಕೈ ಬಿಡುತ್ತೀರಿ. ಗುರುತ್ವ ವೇಗೋತ್ಕರ್ಷ 10 ಅಂತಿಟ್ಟುಕೊಳ್ಳಿ. ಆಂಪ್ಲಿಟ್ಯೂಡ್, ಅಂದರೆ ಮಧ್ಯಸ್ಥಾನದಿಂದ ತುದಿಗಿರುವ ದೂರ, ಎಷ್ಟು?

ಚುರುಕಾದವರು ತಕ್ಷಣ ಶಕ್ತಿ ಸಂರಕ್ಷಣೆಗೆ ಕೈ ಹಾಕುತ್ತಾರೆ. ಗುಂಡು ಇಳಿದು ಕಳೆದುಕೊಂಡ ಶಕ್ತಿಯೆಲ್ಲ ಸ್ಪ್ರಿಂಗಿಗೆ ಹೋಯಿತು, ಉತ್ತರ 0.2 ಮೀಟರ್. ಗಣಿತದಲ್ಲಿ ತಪ್ಪೇನಿಲ್ಲ, ಉತ್ತರ ಮಾತ್ರ ತಪ್ಪು! 0.2 ಮೀಟರ್ ಅಂದರೆ ಸ್ಪ್ರಿಂಗ್ ಅತಿ ಹೆಚ್ಚು ಹಿಗ್ಗಿದ ಉದ್ದ. ಆಂಪ್ಲಿಟ್ಯೂಡ್ ಅಳೆಯಬೇಕಾದ್ದು ಬಲಗಳು ಸರಿಸಮವಾಗುವ ಜಾಗದಿಂದ. ಗುಂಡಿನ ತೂಕ 5 ನ್ಯೂಟನ್. ಸ್ಪ್ರಿಂಗ್ ಅಷ್ಟೇ ಬಲದಿಂದ ಮೇಲಕ್ಕೆ ಎಳೆಯುವುದು 0.1 ಮೀಟರ್ ಹಿಗ್ಗಿದಾಗ. ಅದೇ ಮಧ್ಯಸ್ಥಾನ. ಕೈ ಬಿಟ್ಟ ಜಾಗ ಅದಕ್ಕಿಂತ 0.1 ಮೀಟರ್ ಮೇಲಿದೆ, ಅಲ್ಲಿ ವೇಗ ಸೊನ್ನೆ. ಅಂದರೆ ಅದೇ ಒಂದು ತುದಿ, ಆಂಪ್ಲಿಟ್ಯೂಡ್ 0.1 ಮೀಟರ್. ಇಷ್ಟಾದರೆ ಮಿಕ್ಕಿದ್ದು ಸಲೀಸು. 50ನ್ನು 0.5ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಒಮೆಗಾ, ಅಂದರೆ ಕೋನೀಯ ಆವೃತ್ತಿ, ಸೆಕೆಂಡಿಗೆ 10 ರೇಡಿಯನ್. ಗರಿಷ್ಠ ವೇಗ ಸೆಕೆಂಡಿಗೆ 1 ಮೀಟರ್. ಒಂದು ಪೂರ್ತಿ ಆಂದೋಲನಕ್ಕೆ ಸುಮಾರು 0.63 ಸೆಕೆಂಡ್.

ಇದನ್ನೇ ವೇಗ ಹೆಚ್ಚಿಸಿಕೊಳ್ಳುತ್ತಾ ಮೇಲೇರುವ ಲಿಫ್ಟಿನೊಳಗೆ ತೂಗುಹಾಕಿ. ಮಧ್ಯಸ್ಥಾನ ಕೆಳಗೆ ಜರುಗುತ್ತದೆ, ಆಂದೋಲನದ ಅವಧಿ ಬದಲಾಗುವುದಿಲ್ಲ. ಸರಳ ಲೋಲಕವಾದರೆ ಅವಧಿಯೇ ಕಡಿಮೆಯಾಗುತ್ತದೆ. ಸಿಇಟಿ, ನೀಟ್‌ಗೆ ಓದುವವರು ಇವೆರಡನ್ನೂ ಕಲಸಿಕೊಳ್ಳಬೇಡಿ.

ಇನ್ನು ಸಮಯದ ಲೆಕ್ಕ. ಮಧ್ಯಸ್ಥಾನದಿಂದ ತುದಿಗೆ ಹೋಗಲು ಅವಧಿಯ ನಾಲ್ಕನೇ ಒಂದು ಭಾಗ ಬೇಕು. ಹಾಗಾದರೆ ಅರ್ಧ ದೂರಕ್ಕೆ ಎಂಟನೇ ಒಂದು ಭಾಗ, ಅಲ್ವಾ? ಅಲ್ಲ. ಕಣ ಒಂದೇ ವೇಗದಲ್ಲಿ ಹೋಗುತ್ತಿಲ್ಲವಲ್ಲ. ಆಂಪ್ಲಿಟ್ಯೂಡನ್ನೇ ತ್ರಿಜ್ಯ ಮಾಡಿ ಒಂದು ವೃತ್ತ ಬರೆಯಿರಿ. ಅದರ ಮೇಲೆ ಸಮವೇಗದಲ್ಲಿ ಸುತ್ತುವ ಚುಕ್ಕೆಯ ಎತ್ತರವೇ ನಮ್ಮ ಕಣದ ಸ್ಥಾನ. ತ್ರಿಜ್ಯದ ಅರ್ಧ ಎತ್ತರ ಸಿಗುವುದು 30 ಡಿಗ್ರಿಗೆ. 360ರಲ್ಲಿ ಅದು ಹನ್ನೆರಡನೇ ಒಂದು ಭಾಗ. ಉಳಿದರ್ಧ ದೂರಕ್ಕೆ 60 ಡಿಗ್ರಿ, ಅಂದರೆ ಎರಡರಷ್ಟು ಸಮಯ. ಸುಮ್ನೆ ಸೈನ್, ಕೊಸೈನ್ ಹಾಕಿ ಒದ್ದಾಡುವುದಕ್ಕಿಂತ ಈ ಚಿತ್ರ ಎಷ್ಟೋ ಮೇಲು.

ಆರಂಭದ ಫೇಸ್, ಅಂದರೆ ಶುರುವಿನಲ್ಲಿ ಆ ಚುಕ್ಕೆ ಇರುವ ಕೋನ, ಹುಡುಕುವಾಗಲೂ ಇದೇ ವೃತ್ತ ಕೈ ಹಿಡಿಯುತ್ತದೆ. ಸೈನ್ ಬೆಲೆ ಅರ್ಧ ಬಂದರೆ ಕೋನ 30 ಡಿಗ್ರಿ ಇರಬಹುದು, 150 ಇರಬಹುದು. ಯಾವುದೆಂದು ಹೇಳುವುದು ಕಣ ಸಾಗುತ್ತಿರುವ ದಿಕ್ಕು. ಪ್ರಶ್ನೆಯಲ್ಲಿ ‘ಮಧ್ಯಸ್ಥಾನದ ಕಡೆಗೆ ಚಲಿಸುತ್ತಿದೆ’ ಎಂದಿದ್ದರೆ ಆ ಮಾತಿನ ಕೆಳಗೆ ಗೆರೆ ಎಳೆಯಿರಿ. ಆಗ ಉತ್ತರ 150.